ಅಪ್ಪನ ಕೈಯ ಔಷಧಿ

ಎರಡೂವರೆ ವರ್ಷದ ಮಗುವಿನ ಮೈಯಲ್ಲಿ ಎಷ್ಟು ಬಲವಿರುತ್ತದೆ ಎಂಬುದು ಅದಕ್ಕೆ ಔಷಧಿ ಕುಡಿಸಲು ಹೋದವರಿಗೇ ಗೊತ್ತು. ಅವಳು ಹೋಟೆಲಿನ ಲಾಂಡ್ರಿಯಲ್ಲಿ ದಿನಕ್ಕೆ ಎಂಟು ಗಂಟೆ ಒದ್ದೆ ಹಾಸಿಗೆ ಬಟ್ಟೆಗಳನ್ನು ಯಂತ್ರದ ಹೊಟ್ಟೆಯಿಂದ ಎಳೆದು, ಕೊಡವಿ, ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಕೊಡುವವಳು. ನೀರು ಕುಡಿದ ಕಂಬಳಿಯನ್ನು ಒಬ್ಬಳೇ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಆದರೂ ಮೊದಲ ಸಂಜೆ ಗೆದ್ದದ್ದು ಮಗಳು.

ಮಗಳನ್ನು ಎಲ್ಲರೂ ಬಟಾಣಿ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಅಷ್ಟು ಸಣ್ಣಗೆ, ಅಷ್ಟು ಗುಂಡಗೆ ಇದ್ದಳೆಂದು ಅಪ್ಪ ಇಟ್ಟ ಹೆಸರು. ಎರಡು ದಿನದಿಂದ ಬಟಾಣಿ ಎಡಗಿವಿ ಹಿಡಿದುಕೊಂಡು ಅಳುತ್ತಿದ್ದಳು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಡಾಕ್ಟರು, ಕನ್ನಡಕವನ್ನು ಸರದಲ್ಲಿ ಕೊರಳಿಗೆ ನೇತುಹಾಕಿಕೊಂಡಿದ್ದ ವಯಸ್ಸಾದ ಹೆಂಗಸು, ಕಿವಿಯೊಳಗೆ ದೀಪ ಬಿಟ್ಟು ನೋಡಿ, “ಒಳಗೆ ಕೀವು ತುಂಬಿದೆ” ಎಂದರು. ಪುಡಿ ಇರುವ ಒಂದು ಶೀಶೆ ಬರೆದುಕೊಟ್ಟರು. ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಬೇಕು, ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಏಳು ದಿನ. “ಜ್ವರ ಬಿಡ್ತು ಅಂತ ನಿಲ್ಲಿಸ್ಬೇಡಿ. ಒಂದು ಹೊತ್ತೂ ತಪ್ಪಿಸ್ಬೇಡಿ” ಎಂದು ಎರಡು ಸಲ ಹೇಳಿದರು.

ಔಷಧಿ ನೋಡಲು ಚೆಂದವಾಗಿತ್ತು, ತಿಳಿ ಗುಲಾಬಿ ಬಣ್ಣ. ಅವಳು ನಾಲಗೆಯ ತುದಿಗೆ ಒಂದು ತೊಟ್ಟು ಹಾಕಿಕೊಂಡು ನೋಡಿದಳು. ಮೊದಲು ಯಾವುದೋ ಹಣ್ಣಿನ ಸಿಹಿ, ಆಮೇಲೆ ನಾಲಗೆಯ ಬುಡದಲ್ಲಿ ಬಿಡದೆ ಕೂರುವ ಕಹಿ. ಬಟಾಣಿಗೂ ಅದು ಮೊದಲ ಗುಟುಕಿಗೇ ಗೊತ್ತಾಯಿತು. ಆಮೇಲೆ ತುಟಿ ಬಿಗಿದಳೆಂದರೆ ಬೀಗ ಹಾಕಿದ ಹಾಗೆ. ಹಾಲಿಗೆ ಬೆರೆಸಿದರೆ ಹಾಲನ್ನೇ ತಳ್ಳಿದಳು. ಬಾಳೆಹಣ್ಣು ಕಿವುಚಿ ಅದರೊಳಗೆ ಬಚ್ಚಿಟ್ಟರೆ ಹಣ್ಣನ್ನು ನುಂಗಿ ಔಷಧಿಯನ್ನು ಮಾತ್ರ ಉಗಿದಳು. ಅದು ಹೇಗೆ ಸಾಧ್ಯವಾಯಿತೋ ದೇವರಿಗೇ ಗೊತ್ತು. ಸೂಜಿಯಿಲ್ಲದ ಸಿರಿಂಜನ್ನು ಕೆನ್ನೆಯ ಸಂದಿಯಲ್ಲಿ ತೂರಿಸಿದಾಗ ಅರ್ಧ ಒಳಗೆ ಹೋಯಿತು, ಉಳಿದರ್ಧ ಅಮ್ಮನ ಕೊರಳ ಮೇಲೆ ಬಿತ್ತು. ಹಿಂದೆಯೇ ವಾಂತಿ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಗಂಡನ ತಾಯಿ ಇವರ ಜೊತೆಯಲ್ಲೇ ಇದ್ದವರು. ಬೆಳಿಗ್ಗೆ ಮಗ ಕೆಲಸಕ್ಕೆ ಹೊರಟ ಮೇಲೆ ಸೊಸೆ ಬರುವ ತನಕ ಮಗುವನ್ನು ನೋಡಿಕೊಳ್ಳುತ್ತಿದ್ದವರು ಅವರೇ.

“ನಿನ್ನ ಕೈಯೇ ಒರಟು ಕಣಮ್ಮ” ಎಂದರು. “ಹಾಸಿಗೆ ಬಟ್ಟೆ ಹಿಂಡಿದ ಹಾಗೆ ಹಿಂಡ್ತೀಯ ಮಗೂನ.”

“ನೀವೇ ಒಂದ್ಸಲ ಕುಡಿಸಿ ನೋಡಿ ಅತ್ತೆ.”

“ನನಗ್ಯಾಕಮ್ಮ? ಅಜ್ಜಿ ಅಂದ್ರೆ ಓಡಿ ಬರೋ ಮಗು, ಅದನ್ನೂ ಕಳ್ಕೊಳ್ಲಾ?”

ಗಂಡ ಮಕ್ಕಳ ಬೂಟಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಹತ್ತೂವರೆಯಿಂದ ಸಂಜೆ ಆರೂವರೆಯ ತನಕ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತು, ಊರವರ ಮಕ್ಕಳ ಪಾದಗಳನ್ನು ಮಂಡಿಯ ಮೇಲಿಟ್ಟುಕೊಂಡು, ಅವುಗಳ ಜೊತೆ ಮಾತಾಡುವುದೇ ಅವನ ಕಸುಬು. “ಹೆಬ್ಬೆರಳಪ್ಪನವರೇ, ಮನೆ ಇಷ್ಟ ಆಯ್ತಾ? ಕಿರುಬೆರಳಮ್ಮ, ನಿಮಗೆ ಜಾಗ ಸಾಕಾ?” ಎಂದು ಅವನು ಕೇಳಿದರೆ, ಒದೆಯುತ್ತಾ ಬಂದ ಮಕ್ಕಳು ನಗುತ್ತಾ ಬೂಟು ಹಾಕಿಸಿಕೊಂಡು ಹೋಗುತ್ತಿದ್ದವು. ಎಷ್ಟೋ ತಾಯಂದಿರು ಅವನಿದ್ದಾನೆಂದೇ ಆ ಅಂಗಡಿಗೆ ಬರುತ್ತಿದ್ದರು. ಅವನ ಮೇಲೆ ಮಕ್ಕಳು ಕೋಪಿಸಿಕೊಂಡದ್ದನ್ನು ಯಾರೂ ನೋಡಿರಲಿಲ್ಲ.

ಅವಳ ಪಾಳಿ ಬೆಳಿಗ್ಗೆ ಆರಕ್ಕೆ ಶುರು. ಹಾಗಾಗಿ ಬೆಳಗಿನ ಹೊತ್ತಿನ ಔಷಧಿ ಅವನ ಪಾಲಿಗೆ ಬಂತು. ಮರುದಿನ ಮಧ್ಯಾಹ್ನ ಅವಳು ಎದೆ ಗಟ್ಟಿಮಾಡಿಕೊಂಡೇ ಮನೆಗೆ ಬಂದಳು. ಅತ್ತೆ ನಗುತ್ತಾ ಬಾಗಿಲು ತೆಗೆದರು.

“ಕುಡಿಸ್ದ. ಮೊದಲು ಒಂದು ಸ್ವಲ್ಪ ರಂಪ ಆಯ್ತು, ಆಮೇಲೆ ಬಚ್ಚಲುಮನೆಗೆ ಕರ್ಕೊಂಡು ಹೋಗಿ ಅದೇನು ಮಾಡಿದನೋ, ಇಬ್ರೂ ನಕ್ಕೊಂಡು ಹೊರಗೆ ಬಂದ್ರು.”

ಅಂದು ಸಂಜೆ ಅವಳು ಶೀಶೆ ಕುಲುಕುವ ಸದ್ದಿಗೇ ಬಟಾಣಿ ಮಂಚದ ಕೆಳಗೆ ಸೇರಿದಳು. ಅಷ್ಟರಲ್ಲಿ ಮನೆಗೆ ಬಂದ ಗಂಡ ಚಪ್ಪಲಿ ಕಳಚುತ್ತಲೇ, “ಕೊಡು ಇಲ್ಲಿ. ಎರಡು ಹೊತ್ತೂ ನಾನೇ ನೋಡ್ಕೋತೀನಿ” ಎಂದು ಶೀಶೆ ತೆಗೆದುಕೊಂಡ. ಬಚ್ಚಲುಮನೆಯ ಬಾಗಿಲು ಮುಚ್ಚಿತು. ಒಳಗಿನಿಂದ ಅವನು ಒಂದು, ಎರಡು, ಮೂರು ಎಣಿಸುವುದು, ಮಗಳು ಕಿಲಕಿಲ ನಗುವುದು ಕೇಳಿಸಿತು. ಐದು ನಿಮಿಷಕ್ಕೆ ಇಬ್ಬರೂ ಹೊರಗೆ. ಬಟಾಣಿಯ ತುಟಿಗೆ ಗುಲಾಬಿ ಬಣ್ಣ ಮೆತ್ತಿತ್ತು. ಸಿರಿಂಜನ್ನು ಮೇಲೆತ್ತಿ ಹಿಡಿದು “ಖಾಲಿ!” ಎಂದು ಕೂಗಿದಳು.

ಅವಳಿಗೆ ಮೈಮೇಲಿನ ಭಾರ ಇಳಿದ ಹಾಗಾಯಿತು. ಜೊತೆಗೆ ಒಂದು ಮುಳ್ಳೂ ಚುಚ್ಚಿತು. ಹತ್ತು ತಿಂಗಳು ತನ್ನ ಎದೆ ಹಾಲು ಕುಡಿದ ಮಗು ತನ್ನ ಕೈ ಕಂಡರೆ ಮಂಚದ ಕೆಳಗೆ ಓಡುತ್ತದೆ. ಅವನ ಕೈಯಲ್ಲಿ ಕಹಿಯೂ ಸಲೀಸು.

“ಅದು ಹೇಗ್ರೀ? ನನಗೂ ತೋರಿಸಿಕೊಡಿ” ಎಂದಳು.

“ಕಸುಬಿನ ಗುಟ್ಟು ಕಣೇ” ಎಂದು ಅವನು ನಕ್ಕ. “ನೀನು ಬಂದ್ರೆ ಬಾಯಿ ಮುಚ್ಕೋತಾಳೆ. ನೀನು ದೂರ ಇರು, ಅಷ್ಟು ಸಾಕು.”

ಅವಳು ದೂರವೇ ಇದ್ದಳು. ಅತ್ತೆ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಮಗನ ಕೈಗುಣವನ್ನು ಹೇಳಿದರು. ಅವಳೂ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಯ ಆ ತುದಿ ಹಿಡಿದ ಗೆಳತಿಗೆ, “ನಮ್ಮೋರು ಇದಾರಲ್ಲ, ಔಷಧೀನ ಮಗೂಗೆ ಆಟ ಮಾಡ್ಬಿಟ್ಟಿದಾರೆ” ಎಂದು ಹೇಳಿಕೊಂಡಳು. ಹೇಳುವಾಗ ಹೆಮ್ಮೆಯೂ ಇತ್ತು.

ಮೂರನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಮತ್ತೆ ಏರಿತು. ದಿಂಬಿನ ಮೇಲೆ ಹಳದಿ ಕಲೆ ಬಿತ್ತು, ಕಿವಿಯಿಂದ ಕೆಟ್ಟ ವಾಸನೆ. ಏಳನೆಯ ದಿನ ಶೀಶೆ ಮುಗಿದಾಗ ಬಟಾಣಿ ಮೊದಲಿಗಿಂತ ಸೋತಿದ್ದಳು. ಗಂಡ ಹೆಂಡತಿ ಇಬ್ಬರೂ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

“ಔಷಧಿ ಪೂರ್ತಿ ಕೊಟ್ರಾ?” ಡಾಕ್ಟರು ಕೇಳಿದರು.

ಅವಳು ಚೀಲದಿಂದ ಖಾಲಿ ಶೀಶೆ ತೆಗೆದು ಮೇಜಿನ ಮೇಲಿಟ್ಟಳು. “ಒಂದು ಹೊತ್ತೂ ತಪ್ಪಿಸಿಲ್ಲ ಡಾಕ್ಟ್ರೇ. ನನ್ನ ಹತ್ರ ಕುಡಿಯೋಲ್ಲ. ಇವರ ಕೈಲಾದ್ರೆ ನಗ್ತಾ ಕುಡೀತಾಳೆ.”

ಡಾಕ್ಟರು ಕನ್ನಡಕ ಏರಿಸಿ ಅವನನ್ನು ನೋಡಿದರು. “ಇಂಥ ಅಪ್ಪಂದಿರು ಅಪರೂಪ” ಎಂದರು. ಅವನು ಬಗ್ಗಿ ಮಗಳ ಬೂಟಿನ ದಾರ ಕಟ್ಟುತ್ತಿದ್ದ. ಬಿಚ್ಚಿ ಮತ್ತೆ ಕಟ್ಟಿದ.

“ಏಳು ದಿನ ಸರಿಯಾಗಿ ಕೊಟ್ಟೂ ಬಗ್ಗಿಲ್ಲ ಅಂದ್ರೆ ಈ ಔಷಧಿ ಇವಳಿಗೆ ನಾಟ್ತಾ ಇಲ್ಲ” ಎಂದು ಡಾಕ್ಟರು ತಮ್ಮಷ್ಟಕ್ಕೆ ಹೇಳಿಕೊಂಡು, ಇನ್ನೂ ಬಲವಾದದ್ದನ್ನು ಬರೆದರು. “ಇದು ಹೊಟ್ಟೆಗೆ ಸ್ವಲ್ಪ ತ್ರಾಸ ಕೊಡಬಹುದು. ಐದು ದಿನ ನೋಡೋಣ. ಮಧ್ಯೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಕಾಯ್ಬೇಡಿ, ತಕ್ಷಣ ಬನ್ನಿ.”

ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಮಗಳ ಚಿಂತೆ ಎಂದುಕೊಂಡು ಅವಳೇ ಅವನಿಗೆ ಸಮಾಧಾನ ಹೇಳಿದಳು.

ಹೊಸ ಶೀಶೆ ತೆರೆದ ನಾಲ್ಕನೆಯ ದಿನ ಲಾಂಡ್ರಿಯ ಬಾಯ್ಲರು ಕೆಟ್ಟಿತು. ಹಬೆಯಿಲ್ಲದೆ ಉರುಳೆ ತಣ್ಣಗಾಗಿ, ಮೇಲ್ವಿಚಾರಕ ಎಲ್ಲರನ್ನೂ ಮನೆಗೆ ಕಳಿಸಿದ. ಅವಳು ಹನ್ನೊಂದು ಗಂಟೆಗೆಲ್ಲ ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದಳು. ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಗಂಡ ಅಂಗಡಿಗೆ ಹೋಗಿಯಾಗಿತ್ತು. ಬಟಾಣಿ ಬಚ್ಚಲುಮನೆಯ ಹೊಸ್ತಿಲ ಮೇಲೆ, ಬೆನ್ನು ಇತ್ತ ಮಾಡಿ, ಬಟ್ಟೆಯ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಮೊದಲ ಶೀಶೆಯ ಸಿರಿಂಜು.

ಅವಳು ಕರೆಯಲು ಬಾಯಿ ತೆರೆದವಳು ಸುಮ್ಮನಾದಳು. ಆಟ ನೋಡಲು ಚೆಂದವಿತ್ತು.

“ಒಂದು, ಎಲ್ಡು, ಮೂಲು” ಎಂದು ಬಟಾಣಿ ಎಣಿಸಿದಳು. ಗೊಂಬೆಯ ಬಾಯಿಗೆ ಸಿರಿಂಜು ಇಡಲಿಲ್ಲ. ಕೈ ಚಾಚಿ ಬಚ್ಚಲ ತೂಬಿನ ಮೇಲೆ ಹಿಡಿದು ಒತ್ತಿದಳು. “ಗುಳುಂ!” ಎಂದಳು. ಆಮೇಲೆ ಸಿರಿಂಜಿನ ತುದಿಯನ್ನು ಬೆರಳಿಗೆ ಒತ್ತಿ, ಆ ಬೆರಳನ್ನು ಗೊಂಬೆಯ ತುಟಿಗೆ ಸವರಿದಳು. ಗೊಂಬೆಯ ಕಿವಿಯ ಹತ್ತಿರ ಬಗ್ಗಿ, ದೊಡ್ಡವರ ಪಿಸುಮಾತಿನಲ್ಲಿ, “ಜಾಣೆ. ಅಮ್ಮಂಗೆ ಹೇಳ್ಬೇಡ, ಆಯ್ತಾ?” ಎಂದಳು. ಸಿರಿಂಜು ಮೇಲೆತ್ತಿ ಕೂಗಿದಳು: “ಖಾಲಿ!”

ಅಮ್ಮನ ಕೈಚೀಲ ನೆಲಕ್ಕೆ ಬಿದ್ದ ಸದ್ದಿಗೆ ಬಟಾಣಿ ತಿರುಗಿ ನೋಡಿ, ಸಿರಿಂಜನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಅಪ್ಪ ಹೀಗೇನಾ ಮಾಡೋದು ಬಟಾಣಿ? ದಿನಾ ಹೀಗೇನಾ?”

“ಅಮ್ಮ ಬೇಡ” ಎಂದಳು ಮಗಳು.

ಅವಳು ಮಗುವನ್ನು ಎತ್ತಿಕೊಂಡಳು. ಕೂದಲು ಹಿಂದಕ್ಕೆ ಸರಿದಾಗ ಎಡಗಿವಿ ಕಂಡಿತು. ಕಿವಿಯ ಹಿಂದೆ ಕೆಂಪಗೆ ಊದಿ, ಕಿವಿ ಮುಂದಕ್ಕೆ ಬಾಗಿ ನಿಂತಿತ್ತು. ಬೆಳಿಗ್ಗೆ ಐದೂವರೆಗೆ ಅವಳು ಹೊರಟಾಗ ಮಗು ಆ ಮಗ್ಗುಲಲ್ಲೇ ಮಲಗಿತ್ತು. ಬೆರಳು ಸೋಕಿದ್ದೇ ಬಟಾಣಿ ಚೀರಿದಳು.

ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಅಡುಗೆಮನೆಗೆ ಹೋದಳು. “ಅತ್ತೆ, ಇವರು ಔಷಧೀನ ಬಚ್ಚಲಿಗೆ ಚೆಲ್ತಾ ಇದ್ರು. ನಿಮಗೆ ಗೊತ್ತಿತ್ತಾ?”

ಚಾಕು ನಿಂತಿತು. ಅತ್ತೆ ತಲೆ ಎತ್ತಲಿಲ್ಲ.

“ಒಂದಿನ ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ, ನೋಡ್ದೆ. ಮಗು ನಗ್ತಾ ಇತ್ತಲ್ಲ, ಹೋಗ್ಲಿ ಬಿಡು ಅಂದ್ಕೊಂಡೆ. ಅಷ್ಟು ಸಣ್ಣ ಜೀವಕ್ಕೆ ಅಷ್ಟೊಂದು ಔಷಧಿ ಯಾಕೆ ಬೇಕು? ನಾವೆಲ್ಲ ಅದನ್ನ ಕುಡಿದೇ ಬೆಳೆದ್ವಾ?”

“ಡಾಕ್ಟ್ರು ಔಷಧಿ ಬದಲಾಯಿಸಿದ್ರಲ್ಲ, ಆವಾಗಾದ್ರೂ ಹೇಳ್ಬಾರ್ದಿತ್ತಾ?”

“ಗಂಡ ಹೆಂಡ್ತಿ ಮಧ್ಯೆ ಜಗಳ ಹಚ್ಚೋಕೆ ನನಗೇನು ಹುಚ್ಚಾ?” ಎಂದು ಅತ್ತೆ ಮತ್ತೆ ಹೆಚ್ಚತೊಡಗಿದರು.

ಅವಳು ಮಗುವನ್ನು ಎತ್ತಿಕೊಂಡೇ ಮನೆಯಿಂದ ಹೊರಟಳು. ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲೇ ಬೂಟಿನ ಅಂಗಡಿ. ಲಾಂಡ್ರಿಯ ನೀಲಿ ಅಂಗಿಯಲ್ಲೇ ಇದ್ದಳು, ಅದನ್ನು ಬದಲಾಯಿಸಬೇಕೆಂದೂ ಹೊಳೆಯಲಿಲ್ಲ. ಬೀದಿಯಲ್ಲಿ ಎದುರಾದವರಿಗೆ ಮೈ ತಾಗಿಸಿಕೊಂಡು, ಕ್ಷಮೆ ಕೇಳದೆ ನಡೆದಳು.

ಅಂಗಡಿಯಲ್ಲಿ ಅವನು ಗಿಡ್ಡ ಸ್ಟೂಲಿನ ಮೇಲಿದ್ದ. ಯಾರದೋ ಮಗುವಿನ ಪಾದ ಅವನ ಮಂಡಿಯ ಮೇಲಿತ್ತು. “ಹೆಬ್ಬೆರಳಪ್ಪನವರೇ,” ಎನ್ನುತ್ತಿದ್ದವನು ಅವಳನ್ನು ಕಂಡು ನಿಲ್ಲಿಸಿದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಅದೇನೆಂದು ಕೇಳಲೂ ಇಲ್ಲ.

“ಮನೆಗೆ ಹೋಗಿ ಮಾತಾಡೋಣ” ಎಂದ.

“ಎಷ್ಟು ಕೊಟ್ಟೆ?” ಎಂದಳು ಅವಳು.

ಮದುವೆಯಾದ ಆರು ವರ್ಷದಲ್ಲಿ ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ತಾನು ಹಾಗೆ ಅಂದದ್ದು ಅವಳಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

“ಮೆಲ್ಲಗೆ... ಗಿರಾಕಿಗಳಿದ್ದಾರೆ.”

“ಎರಡು ಶೀಶೆಯಲ್ಲಿ ಒಂದು ತೊಟ್ಟಾದ್ರೂ ಅವಳ ಹೊಟ್ಟೆಗೆ ಹೋಯ್ತಾ? ಅಷ್ಟು ಹೇಳು.”

ಅವನು ಆ ಮಗುವಿನ ಪಾದವನ್ನು ಮೆತ್ತಗೆ ನೆಲದ ಮೇಲಿಟ್ಟ. “ಮೊದಲ ದಿನ ಪ್ರಯತ್ನ ಪಟ್ಟೆ. ಬಾಯಿ ಹಿಡಿದು ತೆಗೆಸ್ದೆ. ಆಗ ಅವಳು ಅಪ್ಪ ಬೇಡ ಅಂದ್ಲು.” ಅವನ ಕಣ್ಣು ತುಂಬಿತ್ತು. “ನನ್ನನ್ನ, ಅಪ್ಪ ಬೇಡ ಅಂದ್ಲು ಕಣೇ. ನನ್ನ ಕೈ ಏಳ್ಲೇ ಇಲ್ಲ. ಒಂದು ಹೊತ್ತು ಬಿಟ್ರೆ ಏನಾಗುತ್ತೆ ಅಂದ್ಕೊಂಡೆ. ಆಮೇಲೆ ನೀವೆಲ್ಲ ನನ್ನನ್ನ ಅಷ್ಟು ಹೊಗಳಿದ್ರಿ...”

“ನನಗೆ ದಿನಾ ಅಂತಾಳೆ” ಎಂದಳು ಅವಳು. “ಅಮ್ಮ ಬೇಡ ಅಂತ ದಿನಾ ಅಂತಾಳೆ. ನಾನು ಸತ್ತುಹೋದ್ನಾ?”

ಮಗಳ ಕೂದಲು ಸರಿಸಿ ಕಿವಿಯನ್ನು ತೋರಿಸಿದಳು. ಅವನು ಒಮ್ಮೆ ನೋಡಿ ಮುಖ ತಿರುಗಿಸಿದ. ಬಟಾಣಿ ಅಮ್ಮನ ಸೊಂಟದಿಂದ ಬಗ್ಗಿ, ಎರಡೂ ಕೈ ಚಾಚಿ, “ಅಪ್ಪಾ” ಎಂದಳು.

ಅವನು ಮಗಳನ್ನು ಎತ್ತಿಕೊಂಡು ಅವಳ ಜೊತೆಗೇ ಹೊರಟ. ಡಾಕ್ಟರು ಕಿವಿ ನೋಡಿದವರೇ ಕುರ್ಚಿಯಿಂದ ಎದ್ದರು. ಕೀವು ಕಿವಿಯ ಹಿಂದಿನ ಮೂಳೆಗೆ ಇಳಿದಿದೆ, ತಡಮಾಡುವ ಹಾಗಿಲ್ಲ ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆಯಲು ಕೂತರು. ಬರೆಯುತ್ತಾ ಪೆನ್ನು ನಿಲ್ಲಿಸಿ ಕೇಳಿದರು: “ಎರಡನೇ ಔಷಧಿಗೂ ಬಗ್ಗಿಲ್ಲ ಅಂದ್ರೆ ನನಗೆ ಅರ್ಥ ಆಗ್ತಿಲ್ಲ. ಅಲ್ಲಿ ಅವರಿಗೆ ಯಾವ ಔಷಧಿ ಶುರು ಮಾಡ್ಬೇಕು ಅಂತ ಗೊತ್ತಾಗ್ಬೇಕು. ಸರಿಯಾಗಿ ಹೇಳಿ, ಕೊಟ್ಟಿದ್ದೀರಲ್ಲ?”

ಅವಳು ಗಂಡನ ಕಡೆ ನೋಡಿದಳು. ಅವನು ಮಗಳನ್ನು ಎದೆಗವಚಿಕೊಂಡು ಗೋಡೆಯ ಮೇಲಿನ ತೂಕದ ಪಟ್ಟಿಯನ್ನು ನೋಡುತ್ತಿದ್ದ. ಇನ್ನೂ ಸ್ವಲ್ಪ ಕಾಯ್ದಳು.

“ನಾವು ಕೊಟ್ಟಿಲ್ಲ ಡಾಕ್ಟ್ರೇ” ಎಂದಳು.

‘ನಾವು’ ಎಂದದ್ದು ಬೇಕೆಂದೇ. ಅವನು ‘ನಾನು’ ಎಂದು ತಿದ್ದಲಿ ಎಂದು. ಅವನು ತಿದ್ದಲಿಲ್ಲ.

ಡಾಕ್ಟರ ಮುಖ ಕೆಂಪಾಯಿತು. ಅವರು ನೋಡಿದ್ದು ಅವಳನ್ನು. “ಅವತ್ತು ಖಾಲಿ ಶೀಶೆ ತಂದು ನನ್ನ ಮುಂದೆ ಇಟ್ಟಿದ್ದು ನೀವೇ ತಾನೆ? ಒಂದು ಹೊತ್ತೂ ತಪ್ಪಿಸಿಲ್ಲ ಅಂದ್ರಿ. ತಾಯಿಯಾಗಿ ಸುಳ್ಳು ಹೇಳೋಕೆ ನಾಲಗೆ ಹೇಗೆ ಬಂತು? ಮಗು ಅಳುತ್ತೆ ಅಂತ ಬಿಟ್ರಾ? ಈಗ ನೋಡಿ, ಇನ್ನೆಷ್ಟು ಅಳ್ಬೇಕಾಗುತ್ತೆ ಅಂತ.”

ಅವಳು ಬಾಯಿ ಬಿಡಲಿಲ್ಲ. ಅಲ್ಲೇ ಗಂಡನ ಮಾನ ತೆಗೆಯಬಾರದೆಂದು ಅಲ್ಲ. ಅವನೇ ಹೇಳುತ್ತಾನೇನೋ ಎಂದು ಆಗಲೂ ಕಾಯುತ್ತಿದ್ದಳು. ಅಷ್ಟರಲ್ಲಿ ಚೀಟಿ ಕೈಗೆ ಬಂತು, ಬಾಗಿಲು ದಾಟಿಯಾಯಿತು.

ಅಂದೇ ಮಧ್ಯಾಹ್ನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಹನ್ನೆರಡು ದಿನ ಆಸ್ಪತ್ರೆ. ಕೈಗೆ ಚುಚ್ಚಿದ ನಳಿಕೆ ಎರಡು ದಿನಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು, ಹೊಸದಾಗಿ ಚುಚ್ಚಬೇಕಾಗುತ್ತಿತ್ತು. ನರ್ಸು ಬಂದು, “ಯಾರಾದ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದಾಗಲೆಲ್ಲ ಗಂಡ ಕಾರಿಡಾರಿಗೆ ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದ. ಹಿಡಿದುಕೊಳ್ಳುತ್ತಿದ್ದವಳು ಅವಳು. ಮಂಡಿಯಿಂದ ಕಾಲುಗಳನ್ನು ಒತ್ತಿ, ಒಂದು ಕೈಯಲ್ಲಿ ತೋಳು, ಇನ್ನೊಂದರಲ್ಲಿ ತಲೆ. ಬಟಾಣಿ ಅವಳ ಮುಖವನ್ನೇ ದಿಟ್ಟಿಸುತ್ತಾ ಚೀರುತ್ತಿದ್ದಳು. ಎಲ್ಲ ಮುಗಿದ ಮೇಲೆ ಗಂಡ ಒಳಗೆ ಬಂದು ಎತ್ತಿಕೊಳ್ಳುತ್ತಿದ್ದ. ಮಗು ಅವನ ಹೆಗಲ ಮೇಲೆ ಬಿಕ್ಕುತ್ತಾ ನಿದ್ದೆ ಹೋಗುತ್ತಿತ್ತು. ನರ್ಸುಗಳು, “ಅಪ್ಪನ ಮೇಲೆ ಎಷ್ಟು ಪ್ರಾಣ ನೋಡಿ” ಎಂದು ಮಾತಾಡಿಕೊಂಡರು.

ಮನೆಗೆ ಬಂದ ಮೇಲೂ ಎರಡು ವಾರ ಔಷಧಿ ಇತ್ತು. ಅವಳು ಮೇಲ್ವಿಚಾರಕನಿಗೆ ಕೈ ಮುಗಿದು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡಳು. ಬೆಳಗಿನದನ್ನು ಏಳಕ್ಕೆ ಅವಳೇ ಕುಡಿಸುತ್ತಿದ್ದಳು. ಸಂಜೆಯದಕ್ಕೆ ಒಂದು ಗಂಟೆಯ ಬಿಡುವು ಕೇಳಿಕೊಂಡು, ಉಸಿರು ಬಿಡದೆ ಮನೆಗೆ ಓಡಿಬರುತ್ತಿದ್ದಳು. ಮಗುವನ್ನು ಹಳೆಯ ಚಾದರದಲ್ಲಿ ಕೈಕಾಲು ಸೇರಿಸಿ ಸುತ್ತಿ, ಮಡಿಲಲ್ಲಿ ಒರಗಿಸಿ, ಸ್ವಲ್ಪ ಸ್ವಲ್ಪವಾಗಿ ಕೆನ್ನೆಯ ಒಳಗೆ ಬಿಡುತ್ತಿದ್ದಳು. ಒಂದು ಗುಟುಕು ಇಳಿದದ್ದು ಗಂಟಲಲ್ಲಿ ಕಂಡ ಮೇಲೆಯೇ ಇನ್ನೊಂದು. ಆಟವಿಲ್ಲ, ಹಾಡಿಲ್ಲ. “ಕಹಿ ಇದೆ, ಗೊತ್ತು. ಆದ್ರೂ ಕುಡೀಬೇಕು” ಎಂದಷ್ಟೇ ಹೇಳುತ್ತಿದ್ದಳು. ಅತ್ತೆ ಆ ಹೊತ್ತಿಗೆ ಮಹಡಿಗೆ ಹೋಗಿ ಒಣಗದ ಬಟ್ಟೆಗಳನ್ನು ಎತ್ತಿಡುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕೆಲಸಕ್ಕೆ ಹೊರಟಾಗ ಅತ್ತೆಯೇ ಮಾತು ತೆಗೆದರು. “ಆದದ್ದು ಆಯ್ತು. ಆದ್ರೆ ನಾಲ್ಕು ಜನರ ಎದುರಿಗೆ ಗಂಡನ್ನ ನೀನು ತಾನು ಅಂದ್ಯಂತೆ. ಅವನು ಬಂದು ಹೇಳ್ದಾಗ ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ.”

ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವಳು ತಲೆ ಎತ್ತಿ ನೋಡಿದಳು. ಅಂಗಡಿಯಲ್ಲಿ ನಡೆದದ್ದರಲ್ಲಿ ಅವನು ತಾಯಿಗೆ ಹೇಳಿದ್ದು ಇದನ್ನು.

ಅವನು ಕ್ಷಮೆ ಕೇಳಲಿಲ್ಲವೆಂದಲ್ಲ. ಬಹಳ ಸಲ ಕೇಳಿದ. ಅತ್ತು ಕೇಳಿದ. ಪ್ರತಿ ಸಲವೂ ಕೊನೆಯಲ್ಲಿ, “ಒಳ್ಳೇದಕ್ಕೇ ಅಂತ ಮಾಡಿದ್ದು ಕಣೇ” ಎನ್ನುತ್ತಿದ್ದ. ಒಮ್ಮೆ ಅವಳು, “ಯಾರ ಒಳ್ಳೇದಕ್ಕೆ?” ಎಂದು ಕೇಳಿದಳು. ಅವನಿಗೆ ಕೇಳಿಸಿತೋ ಇಲ್ಲವೋ, ಎದ್ದು ಹೋಗಿ ಮಗಳ ಜೊತೆ ಕುದುರೆಯಾಟ ಆಡಿದ. ಅವಳು ಮತ್ತೆ ಬಹುವಚನಕ್ಕೆ ಮರಳಿದ್ದಳು. “ನೀರು ಕಾದಿದೆ, ಸ್ನಾನ ಮಾಡಿ.” “ಕೀಲಿ ತಗೊಂಡು ಹೋಗಿ.” ಅದರಲ್ಲಿ ಈಗ ಮರ್ಯಾದೆ ಇರಲಿಲ್ಲ, ದೂರ ಇತ್ತು. ಅದು ಅವನಿಗೂ ಗೊತ್ತಿತ್ತು.

ಗಾಯ ಮಾಗಿತು. ಎರಡು ತಿಂಗಳ ಮೇಲೆ, ಎಡಗಡೆಯಿಂದ ಕರೆದರೆ ಬಟಾಣಿ ಬಲಗಡೆ ತಿರುಗಿ ಹುಡುಕುವುದನ್ನು ಅವಳು ಗಮನಿಸಿದಳು. ಗಂಡ, “ಆಟದ ಮೇಲೆ ಜ್ಞಾನ ಅಷ್ಟೆ” ಎಂದ. ಆದರೂ ಕಿವಿಯ ಪರೀಕ್ಷೆಗೆ ಮೂವರೂ ಹೋದರು.

ಪರೀಕ್ಷೆಯ ಕೋಣೆ ಸಣ್ಣದು, ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ಗಾಜಿನ ಆಚೆ ಪರೀಕ್ಷೆ ಮಾಡುವ ಹೆಂಗಸು ಯಂತ್ರದ ಮುಂದೆ ಕೂತಿದ್ದಳು. ಕಿವಿಗೆ ಹಾಕಿದ ಸಾಧನದಲ್ಲಿ ಸದ್ದು ಬಂದಾಗಲೆಲ್ಲ ಮಗು ಒಂದು ಮರದ ತುಂಡನ್ನು ಡಬ್ಬಿಗೆ ಹಾಕಬೇಕು, ಸದ್ದಿಲ್ಲದಿದ್ದರೆ ಕೈಯಲ್ಲೇ ಹಿಡಿದಿರಬೇಕು. ಬಟಾಣಿ ಅಮ್ಮನ ಮಡಿಲಲ್ಲಿ ಕೂರಲು ಒಪ್ಪಲಿಲ್ಲ. ಅಪ್ಪನ ಮಡಿಲಲ್ಲಿ ಕೂತಳು. ಬಲಗಿವಿಗೆ ಸದ್ದು ಬಿಟ್ಟಾಗ ಆಟ ಬೇಗ ಹಿಡಿಸಿತು. ಟಕ್, ಟಕ್ ಎಂದು ತುಂಡುಗಳು ಡಬ್ಬಿಗೆ ಬಿದ್ದವು.

ಆಮೇಲೆ ಎಡಗಿವಿ. ಮೂಲೆಯ ಕುರ್ಚಿಯಲ್ಲಿದ್ದ ಅವಳು ಮುಂದಕ್ಕೆ ಬಾಗಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ, ಟಕ್. ಇನ್ನೊಂದು, ಟಕ್. ಕೇಳಿಸುತ್ತಿದೆ! ಅವಳ ಕಣ್ಣಲ್ಲಿ ನೀರು ಬಂತು, ಕೈ ತಾನಾಗಿ ಎದೆಯ ಮೇಲೆ ಹೋಯಿತು. ಇಷ್ಟು ದಿನದ ಸಿಟ್ಟೆಲ್ಲ ಒಂದು ಕ್ಷಣಕ್ಕೆ ಎಲ್ಲಿಗೋ ಹೋಯಿತು. ಗಂಡನ ಕಡೆ ನೋಡಿದಳು.

ಅವನು ಗಾಜಿನಾಚೆಯ ಹೆಂಗಸಿನ ಬೆರಳನ್ನೇ ನೋಡುತ್ತಿದ್ದ. ಆ ಬೆರಳು ಗುಂಡಿ ಒತ್ತಿತು. ಅವನ ಎಡ ಮಂಡಿ ಮೆಲ್ಲಗೆ ಅಲುಗಿತು. ಬಟಾಣಿ ಅಪ್ಪನ ಮುಖ ನೋಡಿ, ಗುಟ್ಟಾಗಿ ನಕ್ಕು, ತುಂಡನ್ನು ಡಬ್ಬಿಗೆ ಹಾಕಿದಳು. ಟಕ್.

ಅವಳು ಎದ್ದು ಹೋಗಿ ಮಗುವಿನ ಕಂಕುಳಿಗೆ ಕೈ ಹಾಕಿದಳು. “ಬಿಡಿ” ಎಂದಳು.

“ಏನಾಯ್ತೇ?”

“ಮಗೂನ ಬಿಡಿ. ಹೊರಗೆ ಹೋಗಿ ಕೂತ್ಕೊಳ್ಳಿ.”

“ಪಾಪ, ಅವಳಿಗೆ ಬೇಜಾರಾಗ್ಬಾರ್ದು ಅಂತ...”

“ಹೊರಗೆ ಹೋಗಿ.”

ಬಟಾಣಿ ಕಿರುಚಿದಳು, ಸಾಧನ ಕಿತ್ತೆಸೆದಳು, ಅಮ್ಮನ ಕೆನ್ನೆ ಪರಚಿದಳು. ಗಾಜಿನಾಚೆಯ ಹೆಂಗಸು ಬಾಗಿಲು ತೆರೆದು, “ಹೀಗೆ ಅತ್ರೆ ಆಗೋದಿಲ್ಲ, ನಾಳೆ ಬನ್ನಿ. ಅಪ್ಪನ ಹತ್ರ ಚೆನ್ನಾಗಿ ಮಾಡ್ತಿದ್ಲಲ್ಲ, ಯಾಕೆ ಎತ್ತಿದ್ರಿ?” ಎಂದು ಗದರಿದಳು.

“ನಾಳೆ ನಾನೊಬ್ಬಳೇ ಕರ್ಕೊಂಡು ಬರ್ತೀನಿ” ಎಂದಳು ಅವಳು. “ಇವತ್ತು ಎಡಗಿವಿಗೆ ಬರೆದಿದ್ದನ್ನೆಲ್ಲ ಹೊಡೆದುಹಾಕಿ.”

ಮರುದಿನ ಅರ್ಧ ದಿನದ ರಜೆ ಹಾಕಿ ಬಂದಳು. ಬಟಾಣಿ ಇಂದು ಜಗಳವಾಡಲಿಲ್ಲ. ಅಮ್ಮನ ಮಡಿಲಲ್ಲಿ ಬೆನ್ನು ತಾಗಿಸದೆ, ಕಟ್ಟಿಗೆಯ ಹಾಗೆ ಸೆಟೆದು ಕೂತಳು. ಬಲಗಿವಿಯದು ಬೇಗ ಮುಗಿಯಿತು. ಎಡಗಿವಿಗೆ ಸದ್ದು ಶುರುವಾದಾಗ ಅಮ್ಮ ತನ್ನ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಮಂಡಿ ಅಲುಗದ ಹಾಗೆ ಬಿಗಿ ಮಾಡಿಕೊಂಡಳು.

ಬೆರಳು ಗುಂಡಿ ಒತ್ತಿತು. ಮಗು ಮರದ ತುಂಡು ಹಿಡಿದು ಕಾಯುತ್ತಿತ್ತು. ಹೆಂಗಸು ಯಂತ್ರದ ತಿರುಪನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿದಳು. ಮತ್ತೆ ತಿರುಗಿಸಿದಳು. ಬಟಾಣಿ ಕತ್ತು ಹೊರಳಿಸಿ ಅಮ್ಮನ ಮುಖ ನೋಡಿದಳು. ಯಾವಾಗ ಹಾಕಬೇಕು ಎಂದು ಅಲ್ಲಿ ಹುಡುಕಿದಳು. ಅವಳು ಮುಖವನ್ನು ಕಲ್ಲು ಮಾಡಿಕೊಂಡು ಎದುರಿನ ಗೋಡೆಯನ್ನು ನೋಡುತ್ತಾ ಕೂತಳು. ಗಾಜಿನ ಆಚೆ ಬೆರಳು ಇನ್ನೊಮ್ಮೆ ಒತ್ತಿತು.

ತುಂಡು ಮಗುವಿನ ಕೈಯಲ್ಲೇ ಇತ್ತು.